ಹಾರ್ಮೋನಿಯಂ ಷೋಕೇಸಿಗೆ, ಪೆಟ್ಟಿಗೆ ಗುಜರಿಗೆ... ಇದೆಂಥಾ ನ್ಯಾಯ?

ಮೊದಲೇ ಹೇಳಿಬಿಡ್ತೀನಿ, ಇದು ಜಗಳದ ಬರಹ. ಜಗಳ ಯಾರ ಮೇಲೆ ಅಂದ್ರೆ, ಹಳೇ ಹಾರ್ಮೋನಿಯಂ ಕಂಡ ಕೂಡಲೇ "ವಾದ್ಯ ಇಟ್ಕೊಳ್ಳಿ, ಪೆಟ್ಟಿಗೆ ಎಸೀರಿ" ಅನ್ನೋರ ಮೇಲೆ. ಇವರಲ್ಲಿ ಮೂರು ಪಂಗಡ. ಒಂದು, ಪೆಟ್ಟಿಗೆಗೆ ಸನ್‌ಮೈಕ ಮೆತ್ತಿ "ಹೊಸದರ ಹಂಗೆ ಮಾಡಿದೀನಿ ನೋಡಿ" ಅನ್ನೋ ರಿಪೇರಿಯವರು. ಎರಡು, ಊರೂರು ಸುತ್ತಿ ಹಳೇ ಸಾಮಾನು ಕೊಂಡು, ಬೆಂಗಳೂರಲ್ಲಿ "ಇನ್ನೂರು ವರ್ಷದ ಆಂಟಿಕ್" ಅಂತ ಮಾರೋರು. ಮೂರನೆಯವರು ನಾವೇ! ದೀಪಾವಳಿಗೆ ಅಟ್ಟ ಕ್ಲೀನ್ ಮಾಡೋ ಉತ್ಸಾಹದಲ್ಲಿ ಗುಜರಿಯವನಿಗೆ ಕೆ.ಜಿ. ಲೆಕ್ಕದಲ್ಲಿ ತೂಗಿ ಕೊಡೋರು.

ಯಾವ ಪೆಟ್ಟಿಗೆ ಅಂತ ಸ್ಪಷ್ಟ ಮಾಡಿಬಿಡೋಣ, ಯಾಕಂದ್ರೆ ನಮ್ಮಲ್ಲಿ ಹಾರ್ಮೋನಿಯಮ್ಮನ್ನೇ ಪೆಟ್ಟಿಗೆ ಅನ್ನೋರಿದಾರೆ, ಉತ್ತರ ಕರ್ನಾಟಕದ ಕಡೆ ಪೇಟಿ ಅಂತಾರೆ. ನಾನು ಹೇಳ್ತಿರೋದು ಹೊರಗಿನ ಪೆಟ್ಟಿಗೆ. ವಾದ್ಯವನ್ನ ಒಳಗಿಳಿಸಿ, ಚಿಲಕ ಹಾಕಿ, ಹಿಡಿ ಹಿಡಿದು ಬಸ್ಸಿನ ಟಾಪ್ ಮೇಲೆ ಏರಿಸ್ತಾರಲ್ಲ, ಆ ಮರದ ಡಬ್ಬ.

ನಮ್ಮ ಭರಮಸಾಗರದ ಸುತ್ತಮುತ್ತ, ಹಾಗೇ ಹೊಳಲ್ಕೆರೆ, ಹಿರಿಯೂರು, ಹೊಸದುರ್ಗದ ಕಡೆ ಹಳ್ಳಿಗಳಲ್ಲಿ ಸುಗ್ಗಿ ಮುಗೀತು ಅಂದ್ರೆ ಪೌರಾಣಿಕ ನಾಟಕ. ಕುರುಕ್ಷೇತ್ರ ಆಡದ ಊರು ಹುಡುಕೋದು ಕಷ್ಟ. ದುರ್ಯೋಧನ ಯಾರು ಬೇಕಾದ್ರೂ ಆಗಬಹುದು, ಆದ್ರೆ ಹಾರ್ಮೋನಿಯಂ ಮೇಷ್ಟ್ರು ಇಲ್ಲದೆ ನಾಟಕ ಏಳಲ್ಲ. ಮಾತು ಕಲಿಸೋದು, ರಾಗ ಕೂರಿಸೋದು, ರಾತ್ರಿಯಿಡೀ ಕೂತು ನುಡಿಸೋದು ಎಲ್ಲಾ ಅವರೇ. ಒಂದು ಊರು ಮುಗಿಸಿ ಇನ್ನೊಂದು ಊರಿಗೆ ಅವರು ಹೊರಟಾಗ ಜೊತೆಗೆ ಹೋಗ್ತಿದ್ದದ್ದು ಈ ಡಬ್ಬ. ಇಂಥ ಎಷ್ಟೋ ಮೇಷ್ಟ್ರುಗಳ ಹೆಸರು ಯಾವ ಪುಸ್ತಕದಲ್ಲೂ ಸಿಗಲ್ಲ. ಆದ್ರೆ ಪೆಟ್ಟಿಗೆ ಮುಚ್ಚಳದ ಮೇಲೆ ಬಣ್ಣದಲ್ಲಿ ಬರೆದಿರ್ತಾರೆ. ಊರು, ಮಂಡಳಿ, ಕೆಲವು ಸಲ ಇಸವಿ ಸಹಿತ. ಆ ಮುಚ್ಚಳ ಸೌದೆಯಾದ ದಿನ ಆ ಮನುಷ್ಯನ ಕೊನೇ ದಾಖಲೆಯೂ ಬೂದಿ.

ನಾನು ಓದಿದ್ದು ಎಂಜಿನಿಯರಿಂಗು, ಹೊಟ್ಟೆಪಾಡು ಸಾಫ್ಟ್‌ವೇರು. ನಮ್ಮ ಕೆಲಸದಲ್ಲಿ ಸಿಸ್ಟಂ ಕೆಟ್ಟಾಗ ಮೊದಲು ತೆಗೆಯೋದು ಲಾಗ್ ಫೈಲು. ಯಾವಾಗ ಏನಾಯ್ತು, ಯಾರು ಏನು ಬದಲಾಯಿಸಿದ್ರು, ಎಲ್ಲ ಅದರಲ್ಲಿರುತ್ತೆ. ಲಾಗ್ ಅಳಿಸಿ "ಸಿಸ್ಟಂ ಕ್ಲೀನ್ ಮಾಡ್ದೆ" ಅಂದ್ರೆ ಅವನನ್ನ ಕೆಲಸದಿಂದ ಕಿತ್ತುಹಾಕ್ತಾರೆ. ಹಾರ್ಮೋನಿಯಮ್ಮಿನ ಲಾಗ್ ಫೈಲು ಅದರ ಪೆಟ್ಟಿಗೆ. ಅದನ್ನ ಅಳಿಸಿದವನಿಗೆ ಮಾತ್ರ ನಾವು ಕೂಲಿ ಕೊಟ್ಟು ಕಾಫಿ ಕುಡಿಸಿ ಕಳಿಸ್ತೀವಿ!

ಒಗಟು ಅನ್ಸುತ್ತಾ? ಪೆಟ್ಟಿಗೆಯ ವಯಸ್ಸು ಹೇಳೋದು ಹೇಗೆ ಅಂತ ನೋಡಿ, ಮಂತ್ರವಿದ್ಯೆ ಏನಲ್ಲ.

ಒಳಗೆ ಅಂಗಡಿಯ ಚೀಟಿ ಇದ್ದರೆ ಅರ್ಧ ಕೆಲಸ ಮುಗೀತು. ವಿಳಾಸದಲ್ಲಿ ಆರಂಕಿಯ ಪಿನ್ ಕೋಡ್ ಇದ್ದರೆ ಆ ಚೀಟಿ 1972ರ ಆಗಸ್ಟ್ 15ಕ್ಕಿಂತ ಹಳೇದಲ್ಲ, ಯಾಕಂದ್ರೆ ಪಿನ್ ಬಂದಿದ್ದೇ ಅವತ್ತು. "ಮೈಸೂರು ರಾಜ್ಯ" ಅಂತಿದ್ದರೆ ಬಹುಮಟ್ಟಿಗೆ 1973ರ ನವೆಂಬರಿಗೆ ಮುಂಚಿನದು, ಆಮೇಲೆ ಕರ್ನಾಟಕ. "ದಾವಣಗೆರೆ, ಚಿತ್ರದುರ್ಗ ಜಿಲ್ಲೆ" ಅಂತಿದೆಯಾ? ದಾವಣಗೆರೆ ಬೇರೆ ಜಿಲ್ಲೆ ಆಗಿದ್ದು 1997ರಲ್ಲಿ, ಅಲ್ಲಿಗೆ ಮೇಲಿನ ಗಡಿ ಸಿಕ್ಕಿತು. ಇಂಗ್ಲಿಷಿನಲ್ಲಿ ನಮ್ಮ ದುರ್ಗವನ್ನ "ಚಿತಲ್‌ದ್ರುಗ್" ಅಂತ ಬರೆದಿದ್ದರೆ ಮೈಸೂರು ಸಂಸ್ಥಾನದ ಕಾಲದ ವಾಸನೆ. ಬೆಲೆ ಆಣೆಯಲ್ಲಿದ್ದರೆ 1957ರ ಏಪ್ರಿಲಿಗೆ ಹಿಂದಿನದು ಅಂತ ಲೆಕ್ಕ ಹಿಡೀಬಹುದು. "ನಯಾ ಪೈಸೆ" ಅಂತಿದ್ದರೆ 1957ರಿಂದ 1964ರ ಆಸುಪಾಸು. ಏಳು ವರ್ಷದ ಕಿಟಕಿ, ಒಂದೇ ಪದದಿಂದ!

ರೈಲಿನ ಲಗೇಜ್ ಚೀಟಿಗಳೂ ಅಂಟಿಕೊಂಡಿರ್ತವೆ. ನಾಟಕ ಕಂಪನಿಗಳು ಪರದೆ, ಪೋಷಾಕು, ವಾದ್ಯ ಸಮೇತ ರೈಲಲ್ಲಿ ಊರಿಂದೂರಿಗೆ ಹೋಗ್ತಿದ್ದ ಕಾಲ ಒಂದಿತ್ತಲ್ಲ. ಚಿಕ್ಕಜಾಜೂರಲ್ಲಿ ಇಳಿಸಿದ ಪೆಟ್ಟಿಗೆ ಮೇಲೆ "ಮದ್ರಾಸ್ ಅಂಡ್ ಸದರ್ನ್ ಮರಾಠಾ ರೈಲ್ವೆ" ಅಂತಲೋ "ಮೈಸೂರು ಸ್ಟೇಟ್ ರೈಲ್ವೆ" ಅಂತಲೋ ಇದ್ದರೆ 1951ರ ಏಪ್ರಿಲಿಗೆ ಮುಂಚೆ ಅಚ್ಚಾದ ಚೀಟಿ. ಅವೆರಡೂ ದಕ್ಷಿಣ ರೈಲ್ವೆಯೊಳಗೆ ಸೇರಿಹೋಗಿದ್ದು ಆ ತಿಂಗಳು.

ಚೀಟಿ ಇಲ್ಲವಾ? ಮರ ಮಾತಾಡುತ್ತೆ. ನಕ್ಷತ್ರದ ಹಾಗೆ ಅಡ್ಡ-ಉದ್ದ ಗೀರಿರೋ ಫಿಲಿಪ್ಸ್ ಸ್ಕ್ರೂ ಅಮೆರಿಕದಲ್ಲಿ ಪೇಟೆಂಟ್ ಆಗಿದ್ದೇ 1930ರ ದಶಕದ ಮಧ್ಯದಲ್ಲಿ. ಮೂಲ ಸ್ಕ್ರೂಗಳೇ ಅಂಥವಾಗಿದ್ದರೆ "1900ನೇ ಇಸವಿದು" ಅನ್ನೋ ವ್ಯಾಪಾರಿಗೆ ಒಂದು ನಮಸ್ಕಾರ ಹಾಕಿ ಎದ್ದು ಬನ್ನಿ. ಸಂದಿಯಿಂದ ಬೆಳ್ಳಗೆ ಉಕ್ಕಿ ಒಣಗಿದ ಅಂಟು ಇದ್ದರೆ ನೆನಪಿಡಿ, ಫೆವಿಕಾಲ್ ಬಂದಿದ್ದು 1959ರಲ್ಲಿ. ಅದಕ್ಕೂ ಹಿಂದಿನ ಬಡಗಿಗಳು ಬಳಸ್ತಿದ್ದದ್ದು ಸಾಮಾನ್ಯವಾಗಿ ಚರ್ಮ-ಮೂಳೆ ಕಾಯಿಸಿ ಮಾಡಿದ ಸರೇಸು. ಅದು ಕಂದು ಬಣ್ಣಕ್ಕಿರುತ್ತೆ, ಬಿಸಿನೀರು ತಾಗಿದರೆ ಮೆತ್ತಗಾಗುತ್ತೆ. ಕಾಣದ ಮೂಲೆಗೆ ಹತ್ತಿಯಲ್ಲಿ ಒಂದು ತೊಟ್ಟು ಸ್ಪಿರಿಟ್ ಒತ್ತಿ ನೋಡಿ. ಮೇಲ್ಮೈ ಅಂಟಂಟಾದರೆ ಅರಗಿನ ಫ್ರೆಂಚ್ ಪಾಲಿಶ್, ಜಗ್ಗದಿದ್ದರೆ ಬಹುಶಃ ಈಚಿನ ವಾರ್ನಿಷ್.

ಇನ್ನು ನಮ್ಮವರು ಪೆಟ್ಟಿಗೆ ಒಳಗೆ ನ್ಯೂಸ್‌ಪೇಪರ್ ಅಂಟಿಸ್ತಾರಲ್ಲ, ಅದಂತೂ ಬಂಗಾರ. ಪ್ರಜಾವಾಣಿ ಶುರುವಾಗಿದ್ದು 1948ರಲ್ಲಿ, ಕನ್ನಡಪ್ರಭ 1967ರಲ್ಲಿ. ತಾರೀಖು ಹರಿದುಹೋಗಿದ್ದರೂ ಪತ್ರಿಕೆ ಹೆಸರೇ ಒಂದು ಗಡಿ ಹಾಕುತ್ತೆ.

ಇಲ್ಲಿ ಒಂದು ಎಚ್ಚರ ಬೇಕು. ಪೇಪರ್ ಅಂಟಿಸಿದ ದಿನವೇ ಪೆಟ್ಟಿಗೆ ಹುಟ್ಟಿದ ದಿನ ಅಲ್ಲ. ಹಳೇ ಪೆಟ್ಟಿಗೆಗೆ ಹೊಸ ಪೇಪರ್ ಅಂಟಿಸಿರಬಹುದು, ಹಳೇ ಸ್ಕ್ರೂ ಹೋಗಿ ಹೊಸದು ಬಂದಿರಬಹುದು, ವಾದ್ಯವನ್ನೇ ಬೇರೆ ಪೆಟ್ಟಿಗೆಗೆ ಇಳಿಸಿರಬಹುದು. ಒಂದೊಂದು ಸುಳಿವೂ "ಇದಕ್ಕಿಂತ ಮುಂಚೆ ಅಲ್ಲ" ಅಥವಾ "ಇದಕ್ಕಿಂತ ಆಮೇಲೆ ಅಲ್ಲ" ಅಂತ ಮಾತ್ರ ಹೇಳುತ್ತೆ. ನಾಲ್ಕು ಸುಳಿವು ಒಂದೇ ಕಡೆ ಬೆರಳು ತೋರಿಸಿದಾಗ ನಂಬಬೇಕು. ಅದಕ್ಕೇ ನಾನು ಬಾಯಿ ಬಡ್ಕೊಳ್ಳೋದು, ಒಂದು ಸುಳಿವನ್ನೂ ಕೆರೆದು ಹಾಕಬೇಡಿ ಅಂತ.

"ಅಲ್ಲಪ್ಪಾ, ಒಂದು ಡಬ್ಬಕ್ಕೆ ಇಷ್ಟೆಲ್ಲಾ ಯಾಕೆ?" ಅಂತೀರಾ? ಅಮೆರಿಕದವರನ್ನ ನೋಡಿ. ಅವರ ಎಲೆಕ್ಟ್ರಿಕ್ ಗಿಟಾರಿನ ವಯಸ್ಸೆಷ್ಟು? ಫೆಂಡರ್ ಕಂಪನಿಯ ಸ್ಟ್ರಾಟೊಕ್ಯಾಸ್ಟರ್ ಬಂದಿದ್ದು 1954ರಲ್ಲಿ, ಗಿಬ್ಸನ್‌ನ ಲೆಸ್ ಪಾಲ್ 1952ರಲ್ಲಿ. ನಮ್ಮ ಎಷ್ಟೋ ಹಾರ್ಮೋನಿಯಂಗಳು ಇವಕ್ಕೆ ಅಣ್ಣ ಆಗಬೇಕು. ಆದ್ರೂ ಅಲ್ಲಿ ಗಿಟಾರಿನ ಪೆಟ್ಟಿಗೆಗೇ ಒಂದು ಶಾಸ್ತ್ರ ಇದೆ. 1950ರ ದಶಕದ ಕೊನೇ ಭಾಗದ ಫೆಂಡರ್ ಆದ್ರೆ ಟ್ವೀಡ್ ಬಟ್ಟೆ ಹೊದಿಕೆ, 1960ರ ನಂತರ ಕಂದು ಬಣ್ಣದ ಟೋಲೆಕ್ಸ್, 1963ರ ಸುಮಾರಿಗೆ ಬಿಳಿ, ಆಮೇಲೆ ಕಪ್ಪು. 1950ರ ದಶಕದ ಲೆಸ್ ಪಾಲ್‌ಗೆ ಲಿಫ್ಟನ್ ಕಂಪನಿ ಮಾಡಿಕೊಟ್ಟ ಪೆಟ್ಟಿಗೆ, ಹೊರಗೆ ಕಂದು, ಒಳಗೆ ಗುಲಾಬಿ ಬಣ್ಣದ ಮೆತ್ತೆ. ಚಿಲಕ ಎಷ್ಟಿವೆ, ಒಳಗಿನ ಖಾನೆ ಎಲ್ಲಿದೆ, ಬಟ್ಟೆಯ ಬಣ್ಣ ಯಾವುದು ಅಂತ ನೋಡಿ ಕಾಲ ಹೇಳ್ತಾರೆ. ಮೂಲ ಪೆಟ್ಟಿಗೆ ಜೊತೆಗಿದ್ದರೆ ಗಿಟಾರಿಗೆ ಬೆಲೆ ಜಾಸ್ತಿ, ಖಾಲಿ ಪೆಟ್ಟಿಗೆಗೂ ಗಿರಾಕಿ ಇದಾರೆ. ಹರಿದ ಹೊದಿಕೆಯನ್ನ ಅಂಟಿಸ್ತಾರೆಯೇ ಹೊರತು ಕಿತ್ತು ಬಿಸಾಕಲ್ಲ. ಅವರೇನು ನಮಗಿಂತ ಸಂಗೀತ ಜಾಸ್ತಿ ಬಲ್ಲವರಾ? ಇಲ್ಲ ಕಣ್ರೀ. ವಸ್ತುವಿನ ಮೈಮೇಲಿರೋ ಗುರುತನ್ನ ಓದೋ ಅಭ್ಯಾಸ ಮಾಡಿಕೊಂಡಿದಾರೆ, ಅಷ್ಟೇ.

ನಮ್ಮಲ್ಲಿ ಹಾರ್ಮೋನಿಯಂ ಅಂದ್ರೆ ಮೊದಲಿಂದಲೂ ಒಂಥರಾ ಮಲತಾಯಿ ಧೋರಣೆ. 1840ರ ದಶಕದ ಆರಂಭದಲ್ಲಿ ಪ್ಯಾರಿಸ್ಸಿನ ಅಲೆಕ್ಸಾಂಡ್ರ್ ಡೆಬೈನ್ ಹಾರ್ಮೋನಿಯಂ ಅಂತ ಹೆಸರಿಟ್ಟ ವಾದ್ಯ ಇದು. ಅದನ್ನ ನೆಲದ ಮೇಲೆ ಕೂತು, ಒಂದು ಕೈಯಲ್ಲಿ ತಿದಿ ಒತ್ತಿ ಇನ್ನೊಂದು ಕೈಯಲ್ಲಿ ನುಡಿಸೋ ರೂಪಕ್ಕೆ ತಂದದ್ದಕ್ಕೆ ಕಲ್ಕತ್ತದ ದ್ವಾರಕಾನಾಥ ಘೋಷರ ಹೆಸರು ಹೇಳ್ತಾರೆ, ಅದು 19ನೇ ಶತಮಾನದ ಕೊನೇ ಭಾಗದಲ್ಲಿ. (ಇನ್ನೂರು ವರ್ಷದ ಕೈ ಹಾರ್ಮೋನಿಯಂ ಮಾರೋರಿಗೆ ಇದನ್ನ ಕೇಳಿಸಿ.) ಆಕಾಶವಾಣಿ 1940ರ ಮಾರ್ಚ್ 1ರಿಂದ ಇದನ್ನ ಬಹಿಷ್ಕರಿಸಿತು, ಸಡಿಲಿಸಿದ್ದು 1971ರಲ್ಲಿ. ಗಮಕ ಬರಲ್ಲ, ವಿದೇಶಿ, ಶ್ರುತಿ ಸರಿಯಿಲ್ಲ ಅಂತೆಲ್ಲಾ ವಾದ. ಇರ್ಲಿ, ಶಾಸ್ತ್ರೀಯ ಸಂಗೀತದ ಆ ಜಗಳ ನಂಗೆ ಬೇಡ. ಆದ್ರೆ ಆ ಮೂವತ್ತು ವರ್ಷವೂ ಈ ವಾದ್ಯವನ್ನ ಬಿಡದೆ ನುಡಿಸಿದವರಲ್ಲಿ ನಮ್ಮ ಹಳ್ಳಿ ನಾಟಕದವರೂ ಇದ್ದರು. ಅವರ ಕೈಲಿದ್ದ ವಾದ್ಯದ ಚರಿತ್ರೆ ಬರೆಯೋಕೆ ರೇಡಿಯೋದ ರೆಕಾರ್ಡಿಂಗ್ ಸಿಗಲ್ಲ. ಪೆಟ್ಟಿಗೆ ಸಿಗುತ್ತೆ, ಉಳಿಸಿಕೊಂಡರೆ.

ನಮ್ಮ ಕಡೆಯೇ ಒಂದು ನಾಟಕ ಮಂಡಳಿಯವರ ಪೆಟ್ಟಿಗೆಯನ್ನ ಹೀಗೇ ರಿಪೇರಿಗೆ ಕೊಟ್ಟಿದ್ರು. ಎಲ್ಲಿಗೆ ಅಂತ ಬೇಡ. ಮುಚ್ಚಳದ ಒಳಗೆ ಪೆನ್ಸಿಲಲ್ಲಿ ಮೇಷ್ಟ್ರು ಪ್ರತಿ ವರ್ಷ ಯಾವ ಊರಲ್ಲಿ ಯಾವ ನಾಟಕ ಅಂತ ಬರೆದಿಟ್ಟಿದ್ದರು. ಚಿಕ್ಕವನಿದ್ದಾಗ ನಾನೇ ಓದಿದೀನಿ. ವಾಪಸ್ ಬಂದಾಗ ಉಪ್ಪುಕಾಗದ ಉಜ್ಜಿ, ಮೇಲೆ ನೀಲಿ ಸನ್‌ಮೈಕ. ಎಷ್ಟು ನುಣುಪು ಅಂತೀರಿ, ಕೈಯಿಟ್ಟರೆ ಜಾರುತ್ತೆ! ಮೂವತ್ತು ನಲವತ್ತು ಊರಿನ ಪಟ್ಟಿ ಧೂಳಾಗಿ ಹೋಯ್ತು. ಮಂಡಳಿಯವರು ಖುಷಿಯಾಗೇ ಇದ್ದರು. ಸಿಟ್ಟು ಬರೋದು ಅದಕ್ಕೇ.

ವಿರೋಧದ ಮಾತುಗಳಿಗೆ ಉತ್ತರ ಕೊಟ್ಟುಬಿಡ್ತೀನಿ. "ಸ್ವರ ಇರೋದು ರೀಡ್‌ನಲ್ಲಿ, ಡಬ್ಬದಲ್ಲಲ್ಲ." ನಿಜ. ಆ ರೀಡು ಜರ್ಮನಿಯದೋ ಪ್ಯಾರಿಸ್ಸಿನದೋ ಗುಜರಾತಿನ ಪಾಲಿತಾಣದ್ದೋ ಅನ್ನೋ ಪ್ರಶ್ನೆ ಬಂದಾಗ ಡಬ್ಬದೊಳಗಿನ ಚೀಟಿಯನ್ನೇ ಹುಡುಕ್ತೀರಿ. "ಭಾರ, ಬಸ್ಸಲ್ಲಿ ಒಯ್ಯೋಕಾಗಲ್ಲ." ಒಪ್ಪಿದೆ, ಪ್ರಯಾಣಕ್ಕೆ ಹೊಸ ಸ್ಪಂಜಿನ ಬ್ಯಾಗ್ ತಗೊಳ್ಳಿ, ಹಳೇದು ಮನೇಲಿರಲಿ. "ಗೆದ್ದಲು ಹಿಡಿದಿದೆ." ಗೆದ್ದಲು ಹಿಡಿದ ಮೂಲೆ ಕೊಯ್ದು ಬೇರೆ ಮರ ಕೂರಿಸಬಹುದು, ಇಡೀ ಪೆಟ್ಟಿಗೆ ಯಾಕೆ ಸುಡಬೇಕು?

ರಿಪೇರಿ ಬೇಡ ಅಂತ ನಾನು ಹೇಳ್ತಿಲ್ಲ. ಹೀಗೆ ಮಾಡಿ ಅಂತೀನಿ:

೧. ಮೊದಲು ವಾದ್ಯ ಹೊರಗೆ ತೆಗೆದಿಡಿ. ಸ್ಪಿರಿಟ್ಟು, ನೀರು, ಮರದ ಪುಡಿ ಯಾವುದೂ ರೀಡಿನ ಹತ್ತಿರ ಸುಳೀಬಾರದು.
೨. ಮುಟ್ಟೋಕೆ ಮುಂಚೆ ಒಳಗೆ-ಹೊರಗೆ, ತಳ ಸಹಿತ ಮೊಬೈಲಲ್ಲಿ ಫೋಟೋ. ಟಾರ್ಚನ್ನ ಓರೆಯಾಗಿ ಹಿಡಿದರೆ ಅಳಿಸಿಹೋದ ಪೆನ್ಸಿಲ್ ಗೀರೂ ಎದ್ದು ಕಾಣುತ್ತೆ.
೩. ಚೀಟಿಗೆ ಒದ್ದೆ ಬಟ್ಟೆ ಬೇಡ. ಒಣ ಮೆತ್ತನೆ ಬ್ರಷ್ ಸಾಕು.
೪. ಸಡಿಲವಾದ ಸಂದಿಯಲ್ಲಿ ಸರೇಸು ಇದ್ದರೆ ಮತ್ತೆ ಸರೇಸೇ ಹಾಕಿ. ಮುಂದಿನವನು ಬಿಸಿ ತಾಗಿಸಿ ಬಿಚ್ಚಬಹುದು. ಫೆವಿಕಾಲ್ ಹಾಕಿದ ಸಂದಿ ಬಿಚ್ಚೋಕೆ ಹೋದರೆ ಮರವೇ ಸಿಗಿಯೋ ಸಾಧ್ಯತೆ ಜಾಸ್ತಿ.
೫. ಸ್ಕ್ರೂ ನಿಲ್ತಿಲ್ಲ ಅಂದ್ರೆ ತೂತಿಗೆ ತೇಗದ ಕಡ್ಡಿ ಬಡಿದು ಅದೇ ಸ್ಕ್ರೂ ಹಾಕಿ. ತುಕ್ಕು ಹಿಡಿದ ಚಿಲಕಕ್ಕೆ ಒಂದು ರಾತ್ರಿ ಎಣ್ಣೆ ಬಿಡಿ, ಅದು ಬಿಚ್ಚಿಕೊಳ್ಳುತ್ತೆ.
೬. ಹಿಡಿ ಬದಲಾಯಿಸಲೇಬೇಕಾದ್ರೆ ಹಳೇದನ್ನ ಒಂದು ಕವರಲ್ಲಿ ಹಾಕಿ ಪೆಟ್ಟಿಗೆಯಲ್ಲೇ ಇಡಿ. ಹೊಸ ಭಾಗದ ಒಳಮೈ ಮೇಲೆ ಪೆನ್ಸಿಲಲ್ಲಿ ತಾರೀಖು ಬರೀರಿ.
೭. ಸನ್‌ಮೈಕ, ಎನಾಮೆಲ್ ಪೇಂಟ್, ಉಪ್ಪುಕಾಗದ... ದಮ್ಮಯ್ಯ, ಬೇಡ.

ಇಷ್ಟಕ್ಕೆ ಸಾವಿರಾರು ರೂಪಾಯಿ ಬೇಕಿಲ್ಲ. ಸನ್‌ಮೈಕ ಹಾಕಿಸೋದಕ್ಕಿಂತ ಕಮ್ಮಿಯಲ್ಲೇ ಮುಗಿದೀತು. ಬೇಕಾಗಿರೋದು ತಾಳ್ಮೆ.

ನಮ್ಮ ಜಿಲ್ಲೆಗೆ ನಾಟಕದ ಮೇಲೆ ಪ್ರೀತಿ ಕಮ್ಮಿ ಅಂತ ಯಾರೂ ಹೇಳಕ್ಕಾಗಲ್ಲ. ಸಾಣೇಹಳ್ಳಿಯಿಂದ 1997ರಲ್ಲಿ ಹೊರಟ ಶಿವಸಂಚಾರ ರಾಜ್ಯವೆಲ್ಲಾ ಸುತ್ತಿದೆ. ನಮ್ಮೂರ ಹೆಸರೇ ದುರ್ಗದ ಪಾಳೆಯಗಾರ ಭರಮಣ್ಣ ನಾಯಕನ ಕೆರೆಯಿಂದ ಬಂದದ್ದು, ಅದನ್ನ ಹೆಮ್ಮೆಯಿಂದ ಹೇಳ್ಕೋತೀವಿ. ಈ ಜಿಲ್ಲೆಯ ಶಾಸನಗಳನ್ನ ಬಿ. ಎಲ್. ರೈಸ್ 20ನೇ ಶತಮಾನದ ಆರಂಭದಲ್ಲಿ ಎಪಿಗ್ರಾಫಿಯಾ ಕರ್ನಾಟಿಕದ 11ನೇ ಸಂಪುಟದಲ್ಲಿ ಅಚ್ಚು ಹಾಕಿಸಿದ. ಕಲ್ಲಿನ ಮೇಲಿನ ಅಕ್ಷರಕ್ಕೆ ಸಿಕ್ಕ ಮರ್ಯಾದೆ ಮರದ ಮೇಲಿನ ಅಕ್ಷರಕ್ಕೆ ಯಾಕಿಲ್ಲ? ರಾಜ ಬರೆಸಿದರೆ ಶಾಸನ, ಹಾರ್ಮೋನಿಯಂ ಮೇಷ್ಟ್ರು ಬರೆದರೆ ಗುಜರಿಯಾ?

ಸರ್ಕಾರ ಮಾಡಲಿ, ಅಕಾಡೆಮಿ ಮಾಡಲಿ ಅಂತ ಕಾಯೋದು ಬೇಡ. ಮುಂದಿನ ಸಲ ಊರಿಗೆ ಹೋದಾಗ ಅಟ್ಟ ಹತ್ತಿ, ಪೆಟ್ಟಿಗೆ ಇಳಿಸಿ, ಧೂಳು ಒರೆಸೋಕೆ ಮುಂಚೆ ಮುಚ್ಚಳದ ಒಳಗೆ ಟಾರ್ಚ್ ಬಿಟ್ಟು ಓದಿ. ಹೆಸರು, ಊರು, ಇಸವಿ ಏನೇ ಸಿಕ್ಕರೂ ಒಂದು ಹಾಳೆಯಲ್ಲಿ ಬರೆದು ಮನೆಯ ಹಿರಿಯರಿಗೆ ತೋರಿಸಿ ಕೇಳಿ. ಆ ಮೇಷ್ಟ್ರನ್ನ ಕಂಡಿದ್ದವರು ಇನ್ನೂ ಇರಬಹುದು, ಬಹಳ ವರ್ಷ ಇರಲ್ಲ. ಗುಜರಿಯವನು ಮಾತ್ರ ಪ್ರತಿ ಭಾನುವಾರ ತಪ್ಪದೆ ಬರ್ತಾನೆ.