ಹೆಸರಿಗೊಂದು ಜಾಗ

ಮುಂಬಯಿಯಲ್ಲಿ ತೀರಿಕೊಂಡ ತಂದೆಯ ಚಿತಾಭಸ್ಮವನ್ನು ಊರಿಗೆ ತಂದ ಮಗನೊಬ್ಬ ನಮ್ಮನ್ನು ಕೇಳಿದ: "ಫಾದರ್, ಹೊಳೆಗೆ ಬಿಡಲೇ? ಅಲ್ಲೇ ಅಪ್ಪ ನನಗೆ ಈಜು ಕಲಿಸಿದ್ದು. ಸರಕಾರದ ಅಡ್ಡಿಯೇನೂ ಇಲ್ಲವಲ್ಲ?"

ಇಲ್ಲದಿರಬಹುದು. ವ್ಯಾಟಿಕನ್ನಿನ ಸುತ್ತಲಿನ ಇಟಲಿಯಲ್ಲೇ, ಮೃತರ ಇಚ್ಛೆಯಿದ್ದರೆ ಭಸ್ಮ ಚೆಲ್ಲಲು 2001ರ ಕಾಯಿದೆ ಬಿಡುತ್ತದೆ. ಜನವಸತಿಯೊಳಗೆ ಮಾತ್ರ ಕೂಡದು. ಧರ್ಮಸಭೆಯ ಮಾತು ಬೇರೆ. ದಹನಕ್ಕೆ 1963ರಲ್ಲೇ ಒಪ್ಪಿದರೂ, ಭಸ್ಮವನ್ನು ನೀರಿಗಾಗಲಿ ಗಾಳಿಗಾಗಲಿ ಚೆಲ್ಲಬಾರದೆಂದು 2016ರಲ್ಲಿ ಸ್ಪಷ್ಟಪಡಿಸಿತು. ಹಲವರ ಭಸ್ಮವನ್ನು ಒಂದೇ ಪವಿತ್ರ ಸ್ಥಳದಲ್ಲಿ ಕೂಡಿಸಿಡಲು 2023ರಲ್ಲಿ ಅವಕಾಶ ಕೊಟ್ಟಾಗಲೂ, ಪ್ರತಿಯೊಬ್ಬರ ಹೆಸರು ಅಲ್ಲಿ ಉಳಿಯಬೇಕೆಂದಿತು.

ಮಗನ ಮುಖ ಬಾಡಿತು. ನಮಗೂ ಕಷ್ಟವೇ ಆಯಿತೆನ್ನಿ. ಮೂರು ದಿನ ಬಿಟ್ಟು ಬಂದ. ತಾಯಿಯ ಸಮಾಧಿಯಲ್ಲೇ ಕುಡಿಕೆ ಇಟ್ಟೆವು. ಕಲ್ಲಿನಲ್ಲಿ ಅವರ ಹೆಸರಿನ ಕೆಳಗೆ ಜಾಗವಿತ್ತು.