ದೋಣಿ ಕೊಟ್ಟರೆ ಸಾಲದು, ಗಾಲಿಯನ್ನೂ ಕೊಡಿ

ತುಂಗಭದ್ರಾ ಹಿನ್ನೀರಿನ ಊರುಗಳಲ್ಲಿ ಬೇಸಿಗೆ ಬಂತೆಂದರೆ ನೀರು ದಿನಕ್ಕೊಂದಿಷ್ಟು ಹಿಂದೆ ಹೋಗುತ್ತದೆ. ಸಂಕ್ರಾಂತಿಗೆ ಊರ ಬದಿಯಲ್ಲೇ ಇದ್ದ ದಡ ಯುಗಾದಿ ಕಳೆಯುವಷ್ಟರಲ್ಲಿ ದೂರ ಸರಿದಿರುತ್ತದೆ. ಮೀನುಗಾರನ ಮನೆ ಇಲ್ಲಿ, ನೀರು ಅಲ್ಲಿ. ನಡುವೆ ಹೂಳು, ಜಾಲಿ ಮುಳ್ಳು, ಬಿರುಕು ಬಿಟ್ಟ ನೆಲ. ಇದನ್ನು ದಾಟಿಸಿ ದೋಣಿಯನ್ನು ನೀರಿಗೆ ಮುಟ್ಟಿಸುವುದು ಹೇಗೆ ಎಂಬ ಪ್ರಶ್ನೆಗೆ ಯಾವ ಯೋಜನೆಯಲ್ಲೂ ಸರಿಯಾದ ಉತ್ತರವಿಲ್ಲ. ನಾವು ಈ ವಾರ ಬರೆಯುತ್ತಿರುವುದು ಅದರ ಬಗ್ಗೆ.

ವಿಷಯ ಸಣ್ಣದು ಅನ್ನಿಸಬಹುದು. ಆದರೆ ದೋಣಿ ಒಡೆದರೆ ಒಂದು ಮನೆಯ ಇಡೀ ಹಂಗಾಮಿನ ದುಡಿಮೆ ಹೋಗುತ್ತದೆ. ಬೆನ್ನು ಮುರಿದರೆ ಅದಕ್ಕಿಂತ ಹೆಚ್ಚು ಹೋಗುತ್ತದೆ.

ನಮ್ಮ ಜಲಾಶಯ ಕೊಡವಲ್ಲ, ತಟ್ಟೆ

ತುಂಗಭದ್ರಾ ಜಲಾಶಯ ಭರ್ತಿಯಾದಾಗ ನೀರಿನ ಮಟ್ಟ 1,633 ಅಡಿ. ನೀರು ಹರಡಿಕೊಳ್ಳುವ ಜಾಗ ಸುಮಾರು 378 ಚದರ ಕಿಲೋಮೀಟರ್. ಕಟ್ಟಿದಾಗ 133 ಟಿಎಂಸಿ ಹಿಡಿಯುತ್ತಿತ್ತು, ಹೂಳು ತುಂಬಿ ಈಗ 105.79 ಟಿಎಂಸಿಗೆ ಇಳಿದಿದೆ. ಈ ಲೆಕ್ಕ ಹಿಡಿದು ಭಾಗಿಸಿ ನೋಡಿದರೆ ಜಲಾಶಯ ತುಂಬಿದಾಗಲೂ ಸರಾಸರಿ ಆಳ ಎಂಟು ಮೀಟರ್ ಹತ್ತಿರ ಬರುತ್ತದೆ, ಅಷ್ಟೇ. ಕೊಡದಲ್ಲಿ ನಾಲ್ಕು ಚೊಂಬು ನೀರು ತೆಗೆದರೆ ಗೊತ್ತಾಗುವುದಿಲ್ಲ. ತಟ್ಟೆಯಲ್ಲಿ ಒಂದು ಚೊಂಬು ತೆಗೆದರೂ ಅಂಚು ಒಣಗುತ್ತದೆ. ಮಟ್ಟ ಒಂದು ಅಡಿ ಇಳಿದರೆ ಇಳಿಜಾರು ಕಡಿಮೆ ಇರುವ ಕಡೆ ದಡ ಬಹಳ ದೂರ ಸರಿಯುವುದು ಇದೇ ಕಾರಣಕ್ಕೆ.

ನಮ್ಮ ಹಿರಿಯರಿಗೆ ಇದು ಗೊತ್ತಿತ್ತು. ಅವರ ಹರಿಗೋಲು ಬಿದಿರಿನ ಬುಟ್ಟಿ. ಮೊದಲು ಚರ್ಮ ಹೊದಿಸುತ್ತಿದ್ದರು, ಆಮೇಲೆ ಪ್ಲಾಸ್ಟಿಕ್ ಹಾಳೆ ಮತ್ತು ಡಾಂಬರು ಬಂತು. ಕೆಲಸ ಮುಗಿದ ಮೇಲೆ ಒಬ್ಬನೇ ಮನುಷ್ಯ ಅದನ್ನು ಬೋರಲು ಹಾಕಿ ತಲೆಯ ಮೇಲೆ ಹೊತ್ತು ಮನೆಗೆ ಬರುತ್ತಿದ್ದ. ನೀರು ಎಷ್ಟು ದೂರ ಹೋದರೂ ಹರಿಗೋಲು ಅವನ ಜೊತೆಗೇ ಹೋಗುತ್ತಿತ್ತು. ಅದಕ್ಕೆ ಗಾಲಿ ಬೇಕಿರಲಿಲ್ಲ.

ಈಗ ಎಂಜಿನ್ ಕೂರಿಸುವ ಉದ್ದನೆಯ ಫೈಬರ್ ದೋಣಿಗಳು ಬಂದಿವೆ. ಕೆಲವು ಕಡೆ ಅಲ್ಯೂಮಿನಿಯಂ ತಗಡಿನ ದೋಣಿಗಳ ಮಾತೂ ಕೇಳುತ್ತಿದೆ. ಒಳ್ಳೆಯದೇ. ಗಾಳಿ ಎದ್ದಾಗ ಹರಿಗೋಲು ಬುಗುರಿಯಂತೆ ತಿರುಗುತ್ತದೆ, ದೋಣಿ ಮುಂದಕ್ಕೆ ಹೋಗುತ್ತದೆ. ಬಲೆಯೂ ಹೆಚ್ಚು ಹಿಡಿಸುತ್ತದೆ. ಆದರೆ ಹದಿನಾಲ್ಕು ಅಡಿಯ ಅಲ್ಯೂಮಿನಿಯಂ ದೋಣಿ ಒಂದು ಕ್ವಿಂಟಲ್ ಆಸುಪಾಸು ತೂಗುತ್ತದೆ, ಅದೇ ಅಳತೆಯ ಫೈಬರ್ ದೋಣಿ ಅದಕ್ಕಿಂತ ಭಾರ. ಎಂಜಿನ್ನು, ಡೀಸೆಲ್ ಕ್ಯಾನು, ಬಲೆ ಬೇರೆ. ಇದನ್ನು ತಲೆಯ ಮೇಲೆ ಹೊರಲು ಆಗುವುದಿಲ್ಲ.

ಈಗ ನಡೆಯುತ್ತಿರುವುದು

ಹತ್ತಿರ ಇದ್ದರೆ ನಾಲ್ಕೈದು ಜನ ಸೇರಿ ಎಳೆಯುತ್ತಾರೆ. ಫೈಬರ್ ತಳ ಕಲ್ಲಿಗೆ ಉಜ್ಜಿ ಸವೆಯುತ್ತದೆ, ಸವೆದ ಕಡೆ ನೀರು ಕುಡಿದು ಪದರ ಬಿಡುತ್ತದೆ. ಅಲ್ಯೂಮಿನಿಯಂ ಆದರೆ ತಗ್ಗು ಬೀಳುತ್ತದೆ, ರಿವೆಟ್ ಸಡಿಲವಾಗಿ ಸೋರುತ್ತದೆ.

ದೂರ ಇದ್ದರೆ ಟ್ರ್ಯಾಕ್ಟರ್ ಟ್ರೇಲರ್. ಹತ್ತು ಅಡಿಯ ಟ್ರೇಲರ್‌ನಲ್ಲಿ ಹದಿನಾಲ್ಕು ಅಡಿಯ ದೋಣಿ. ಹಿಂದಿನ ಬಾಗಿಲು ಬಿಚ್ಚಿ, ನಾಲ್ಕು ಅಡಿ ಹೊರಗೆ ಚಾಚಿ, ನೈಲಾನ್ ಹಗ್ಗದಲ್ಲಿ ಕಟ್ಟಿ ಹೊರಡುತ್ತಾರೆ. ಬಹಳಷ್ಟು ಟ್ರೇಲರ್‌ಗಳಿಗೆ ಕಮಾನು ಪಟ್ಟಿಯೇ ಇರುವುದಿಲ್ಲ. ಕಬ್ಬು, ಮೆಕ್ಕೆಜೋಳ ತುಂಬಿದಾಗ ನೆಟ್ಟಗೆ ಹೋಗುವ ಟ್ರೇಲರ್ ಒಂದು ಕ್ವಿಂಟಲ್ ದೋಣಿಗೆ ಖಾಲಿ ಇದ್ದಂತೆಯೇ ಕುಣಿಯುತ್ತದೆ. ಪ್ರತಿ ಗುಂಡಿಗೂ ದೋಣಿ ಎದ್ದು ಕಬ್ಬಿಣದ ಮೇಲೆ ಬೀಳುತ್ತದೆ. ಮೀನುಗಾರರು ಹೊರಡುವುದು ಬೆಳಗಿನ ಜಾವ. ಕತ್ತಲಲ್ಲಿ ಹಿಂದಿನಿಂದ ಬೈಕ್‌ನಲ್ಲಿ ಬರುವ ಹುಡುಗನಿಗೆ ಆ ಚಾಚಿದ ತುದಿ ಕಾಣುವಂಥ ಕೆಂಪು ದೀಪ ಇರುವುದಿಲ್ಲ, ಒಂದು ಕೆಂಪು ಬಟ್ಟೆಯೂ ಇರುವುದಿಲ್ಲ. ನಮಗೆ ಹೆಚ್ಚು ಹೆದರಿಕೆ ಇರುವುದು ಇದರದ್ದೇ.

ಕಾನೂನಿನ ಲೆಕ್ಕವೂ ಇದೆ. 2019ರಲ್ಲಿ ತಿದ್ದುಪಡಿಯಾದ ಕೇಂದ್ರದ ಮೋಟಾರು ವಾಹನ ಕಾಯ್ದೆಯಲ್ಲಿ, ಮಿತಿ ಮೀರಿ ಸರಕು ಹಿಂದಕ್ಕೋ ಪಕ್ಕಕ್ಕೋ ಚಾಚಿದರೆ 20,000 ರೂಪಾಯಿ ದಂಡ ಎಂದಿದೆ. ಹಾಗಂತ ಟ್ರೇಲರ್ ಕತ್ತರಿಸಿ ಉದ್ದ ಮಾಡಿಸಲು ಹೋದರೆ ಅದು ಇನ್ನೊಂದು ತಪ್ಪು. ಕಾಯ್ದೆಯ ಪ್ರಕಾರ ಟ್ರೇಲರ್ ಕೂಡ ಮೋಟಾರು ವಾಹನವೇ. ಆರ್‌ಸಿಯಲ್ಲಿ ಇರುವ ಅಳತೆ, ತೂಕಕ್ಕೆ ಹೊಂದದಂತೆ ಅದನ್ನು ಬದಲಿಸುವ ಹಾಗಿಲ್ಲ. ಬದಲಿಸಿದ ಮಾಲೀಕನಿಗೆ ಆರು ತಿಂಗಳವರೆಗೆ ಸಜೆ, ಇಲ್ಲವೇ ಒಂದೊಂದು ಬದಲಾವಣೆಗೆ 5,000 ರೂಪಾಯಿ ದಂಡ, ಇಲ್ಲವೇ ಎರಡೂ ಆಗಬಹುದು. ಅಪಘಾತವಾದರೆ ವಿಮೆಯವರು ಮೊದಲು ಕೇಳುವುದೂ ಅದೇ ಆರ್‌ಸಿಯನ್ನು.

ಎಳೆದರೆ ದೋಣಿ ಹಾಳು, ಚಾಚಿದರೆ ದಂಡ, ಕತ್ತರಿಸಿದರೆ ಕೇಸು. ಮೀನುಗಾರ ಏನು ಮಾಡಬೇಕು?

ಊರ ವೆಲ್ಡಿಂಗ್ ಅಂಗಡಿಯಲ್ಲೇ ಆಗುವ ಕೆಲಸ

ಟ್ರೇಲರ್ ಕತ್ತರಿಸದೆ ಅದರೊಳಗೆ ಒಂದು ತೊಟ್ಟಿಲು ಕೂರಿಸುವುದು ಮೊದಲ ದಾರಿ. ತೊಟ್ಟಿಲು ಅಂದರೆ ಬೋಲ್ಟ್ ಹಾಕಿ ಕೂರಿಸುವ, ಬೇಡವಾದಾಗ ಬಿಚ್ಚಿಡುವ ಚೌಕಟ್ಟು. ದೋಣಿ ಸಾಗಿಸುವ ದಿನ ಹಾಕಬಹುದು, ಗೊಬ್ಬರ ಹೊಡೆಯುವ ದಿನ ತೆಗೆಯಬಹುದು. ಟ್ರೇಲರ್‌ನ ಚಾಸಿಗೆ ಒಂದು ವೆಲ್ಡಿಂಗ್ ಚುಕ್ಕೆಯೂ ಬೀಳಬಾರದು. ಆರ್‌ಸಿಯ ಅಳತೆ ಹಾಗೇ ಉಳಿಯುತ್ತದೆ. ದೋಣಿಯ ಮೂತಿಯನ್ನು ಟ್ರೇಲರ್‌ನ ಮುಂದಿನ ಹಲಗೆಗಿಂತ ಸ್ವಲ್ಪ ಮೇಲಕ್ಕೆ ಎತ್ತಿ ಕೂರಿಸಿದರೆ ಹಿಂದೆ ಚಾಚುವುದು ಕಡಿಮೆಯಾಗುತ್ತದೆ. ಆದರೆ ಮೂತಿ ಟ್ರ್ಯಾಕ್ಟರ್ ಕಡೆಗೆ ಹೊರಬರಬಾರದು, ತಿರುವಿನಲ್ಲಿ ಚಕ್ರಕ್ಕೆ ತಾಗುತ್ತದೆ. ಉದ್ದದ ದೋಣಿಗೆ ಇದರಿಂದಲೂ ಪೂರ್ತಿ ಪರಿಹಾರ ಸಿಗದು, ಅದರ ಮಾತು ಮುಂದಿದೆ.

ವೆಲ್ಡಿಂಗ್ ಅಂಗಡಿಯ ಅಣ್ಣನಿಗೆ ಕೆಲಸ ಹೇಳುವಾಗ ಕೆಲವು ಮಾತು ನೆನಪಿರಲಿ.

ದೋಣಿಯ ಭಾರ ಎರಡು ಉದ್ದನೆಯ ಮರದ ತೊಲೆಗಳ ಮೇಲೆ ಹರಡಿ ಕೂರಬೇಕು. ಎರಡು ಅಡ್ಡ ಕಬ್ಬಿಣದ ಮೇಲೆ ಕೂರಿಸಿದರೆ ಭಾರವೆಲ್ಲ ಆ ಎರಡು ಗೆರೆಯ ಮೇಲೆ ಬಿದ್ದು ತಳ ತಗ್ಗಾಗುತ್ತದೆ. ತೊಲೆಗೆ ಹಳೆಯ ರಬ್ಬರ್ ಮ್ಯಾಟ್ ಹೊದಿಸಿ. ಮೊಳೆಯ ತಲೆ ಮೇಲೆ ಬರಬಾರದು.

ಅಲ್ಯೂಮಿನಿಯಂಗೆ ಕಬ್ಬಿಣ ನೇರವಾಗಿ ತಾಗಬಾರದು. ಎರಡು ಬೇರೆ ಲೋಹಗಳ ನಡುವೆ ನೀರು ನಿಂತರೆ ಅಲ್ಯೂಮಿನಿಯಂ ಸವೆಯುತ್ತಾ ಹೋಗುತ್ತದೆ. ತಾಮ್ರ ತಾಗಿದರೆ ಇನ್ನೂ ಬೇಗ. ಗೆದ್ದಲು ಹಿಡಿಯದಿರಲೆಂದು ತಾಮ್ರದ ಔಷಧ ಉಣಿಸಿದ ಮರವನ್ನೂ ಅಲ್ಯೂಮಿನಿಯಂ ದೋಣಿಗೆ ಬಳಸಬಾರದು.

ಎಂಜಿನ್ ಕೂರುವ ಹಿಂಬದಿ ಹಲಗೆಯ ಕೆಳಗೆ ಆಸರೆ ಇರಲೇಬೇಕು. ತೊಲೆ ಅಲ್ಲಿಗೆ ಮೊದಲೇ ಮುಗಿದರೆ ಹಿಂಭಾಗ ಜೋತುಬಿದ್ದು ತಳ ಬಾಗುತ್ತದೆ. ಬಾಗಿದ ದೋಣಿ ನೀರಿನಲ್ಲಿ ನೆಟ್ಟಗೆ ಓಡುವುದಿಲ್ಲ. ರಸ್ತೆಯಲ್ಲಿ ಹೋಗುವಾಗ ಎಂಜಿನ್ ಬಿಚ್ಚಿ ಕೆಳಗೆ ಮಲಗಿಸುವುದು ಇನ್ನೂ ಒಳ್ಳೆಯದು.

ಕಟ್ಟುವುದಕ್ಕೆ ಲಾರಿಯವರು ಬಳಸುವ ಬಿಗಿಪಟ್ಟಿ ತನ್ನಿ. ನೈಲಾನ್ ಹಗ್ಗ ನೆನೆದರೆ ಹಿಗ್ಗುತ್ತದೆ. ಮೂತಿ, ನಡು, ಹಿಂಬದಿ ಮೂರೂ ಕಡೆ ಕಟ್ಟಿ, ಒಂದೆರಡು ಕಿಲೋಮೀಟರ್ ಹೋದ ಮೇಲೆ ನಿಲ್ಲಿಸಿ ಮತ್ತೆ ಬಿಗಿಯಿರಿ. ಹೊರಡುವ ಮುಂಚೆ ದೋಣಿಯೊಳಗಿನ ನೀರು ಚೆಲ್ಲಿ. ನಾಲ್ಕು ಕೊಡ ಮಳೆನೀರು ನಿಂತಿದ್ದರೆ ಅರ್ಧ ಕ್ವಿಂಟಲ್ ಹೆಚ್ಚಾಯಿತು ಅಂತಲೇ ಲೆಕ್ಕ.

ಸಣ್ಣ ಟ್ರಾಲಿ ಆದರೆ ಎತ್ತಿನ ಗಾಡಿ ನೆನಪಿಸಿಕೊಳ್ಳಿ

ಎರಡನೆಯ ದಾರಿ ದೋಣಿಯ ಅಳತೆಗೇ ಆಗುವ ಹಗುರ ಟ್ರಾಲಿ. ಹಳೆಯ ಗೂಡ್ಸ್ ಗಾಡಿಯ ಎಕ್ಸಲ್ಲು, ಕಮಾನು ಪಟ್ಟಿ ಹಾಕಿ ಮಾಡುವವರಿದ್ದಾರೆ. ಕೆಲಸ ಕಷ್ಟದ್ದಲ್ಲ, ಆದರೆ ಎಕ್ಸಲ್ ಎಲ್ಲಿ ಕೂರಬೇಕು ಎಂಬುದರಲ್ಲೇ ಎಲ್ಲ ಇದೆ.

ಎತ್ತಿನ ಗಾಡಿ ಹೊಡೆದವರಿಗೆ ಇದನ್ನು ಹೇಳಿಕೊಡಬೇಕಿಲ್ಲ. ಹಿಂಭಾರವಾದರೆ ನೊಗ ಮೇಲೇಳುತ್ತದೆ, ಮುಂಭಾರವಾದರೆ ಎತ್ತಿನ ಹೆಗಲು ಹುಣ್ಣಾಗುತ್ತದೆ. ಟ್ರಾಲಿಯದ್ದೂ ಅದೇ ನ್ಯಾಯ. ಒಟ್ಟು ತೂಕದ ಹತ್ತರಲ್ಲಿ ಒಂದು ಪಾಲು ಮುಂದಿನ ಕೊಕ್ಕೆಯ ಮೇಲೆ ಬೀಳಬೇಕು. ಟ್ರಾಲಿ, ದೋಣಿ, ಎಂಜಿನ್ ಸೇರಿ ಮೂರು ಕ್ವಿಂಟಲ್ ಇದ್ದರೆ ಕೊಕ್ಕೆಯ ಕೆಳಗೆ ತೂಕದ ಯಂತ್ರ ಇಟ್ಟಾಗ ಮೂವತ್ತು ಕೆ.ಜಿ. ತೋರಿಸಬೇಕು. ಕಡಿಮೆ ಇದ್ದರೆ ಟ್ರಾಲಿ ಹಾವಿನಂತೆ ಬಾಲ ಆಡಿಸುತ್ತದೆ. ಆಗ ದೋಣಿಯನ್ನು ಮುಂದಕ್ಕೆ ಸರಿಸಬೇಕು, ಇಲ್ಲವೇ ಎಕ್ಸಲ್ ಹಿಂದಕ್ಕೆ ಹೋಗಬೇಕು. ಆದ್ದರಿಂದ ಎಕ್ಸಲನ್ನು ಮೊದಲು ಬೋಲ್ಟ್‌ನಲ್ಲಿ ಕೂರಿಸಿ, ತೂಗಿ ನೋಡಿ, ಆಮೇಲೆ ಜಾಗ ಖಾಯಂ ಮಾಡಬೇಕು.

ಕಮಾನು ಪಟ್ಟಿ ಅರ್ಧ ಟನ್ ಹೊರುವುದಕ್ಕೆ ಮಾಡಿದ್ದು, ಹಗುರ ದೋಣಿಗೆ ಅದು ಬಾಗುವುದೇ ಇಲ್ಲ. ಮೆಕ್ಯಾನಿಕ್ ಕೈಲಿ ಒಂದೆರಡು ಪಟ್ಟಿ ತೆಗೆಸಬೇಕು. ದೂರ ಓಡಿ ಬಿಸಿಯಾದ ಚಕ್ರದ ಗುಂಭವನ್ನು ತಕ್ಷಣ ನೀರಿಗೆ ಇಳಿಸಿದರೆ ಒಳಗಿನ ಗಾಳಿ ಕುಗ್ಗಿ ನೀರನ್ನು ಒಳಗೆಳೆಯುತ್ತದೆ, ಬೇರಿಂಗ್ ತುಕ್ಕು ಹಿಡಿಯುತ್ತದೆ. ಒಂದು ಚಹಾ ಕುಡಿಯುವಷ್ಟು ಹೊತ್ತು ಕಾಯಿರಿ. ಹಂಗಾಮು ಮುಗಿದ ಮೇಲೆ ಗ್ರೀಸ್ ಬದಲಿಸಿ.

ಹೂಳಿನಲ್ಲಂತೂ ಟ್ರ್ಯಾಕ್ಟರನ್ನು ನೀರಿನವರೆಗೆ ಒಯ್ಯಲೇಬೇಡಿ. ಮೇಲೆ ಒಣಗಿ ಗಟ್ಟಿ ಕಂಡರೂ ಕೆಳಗೆ ಹಸಿ ಇರುತ್ತದೆ. ಟ್ರ್ಯಾಕ್ಟರ್ ಗಟ್ಟಿ ನೆಲದಲ್ಲೇ ನಿಲ್ಲಲಿ, ಉಳಿದ ದಾರಿಗೆ ಉದ್ದನೆಯ ಹಗ್ಗ ಮತ್ತು ಉರುಳೆಗಳು ಸಾಕು.

ಸರ್ಕಾರ ಮಾಡಬೇಕಾದ್ದು

ಇಷ್ಟು ಓದಿದ ಮೇಲೆ, ಹಾಗಾದರೆ ನಾವೇ ಮಾಡಿಸಿಕೊಂಡರಾಯಿತು ಅನ್ನಬಹುದು. ತೊಟ್ಟಿಲು ಮಾಡಿಸಬಹುದು. ಟ್ರಾಲಿಯ ವಿಷಯ ಹಾಗಲ್ಲ. ಅದು ರಸ್ತೆಗೆ ಇಳಿಯಬೇಕಾದರೆ ನೋಂದಣಿ ಬೇಕು. ಊರಲ್ಲಿ ಮಾಡಿದ ಟ್ರಾಲಿಗೆ ನೋಂದಣಿ ಮಾಡಿಸಲು ಒಬ್ಬ ಮೀನುಗಾರ ಕೂಲಿ ಬಿಟ್ಟು ಜಿಲ್ಲಾ ಕೇಂದ್ರಕ್ಕೆ ಎಷ್ಟು ಸಲ ಓಡಾಡುತ್ತಾನೆ?

2020ರಲ್ಲಿ ಶುರುವಾದ ಪ್ರಧಾನಮಂತ್ರಿ ಮತ್ಸ್ಯ ಸಂಪದ ಯೋಜನೆಯಲ್ಲಿ ಸಾಮಾನ್ಯ ವರ್ಗಕ್ಕೆ ಶೇ 40, ಮಹಿಳೆಯರಿಗೆ ಮತ್ತು ಪರಿಶಿಷ್ಟರಿಗೆ ಶೇ 60 ಸಹಾಯಧನ ಇದೆ. ಸಾಂಪ್ರದಾಯಿಕ ಮೀನುಗಾರರಿಗೆ ದೋಣಿ, ಬಲೆ ಇದೆ. ಮೀನು ಮಾರಲು ಐಸ್ ಪೆಟ್ಟಿಗೆಯ ಸೈಕಲ್, ಐಸ್ ಪೆಟ್ಟಿಗೆಯ ಬೈಕ್, ಮೂರು ಚಕ್ರದ ಗಾಡಿಯೂ ಇದೆ. ಈ ಸಾಲಿನಲ್ಲಿ ದೋಣಿಯ ಟ್ರಾಲಿ ಇಲ್ಲ. ಹಿಡಿದ ಮೀನಿಗೆ ಗಾಲಿ ಕೊಟ್ಟವರು ಮೀನು ಹಿಡಿಯುವ ದೋಣಿಗೆ ಕೊಡಲಿಲ್ಲ.

ನಮ್ಮ ಒತ್ತಾಯ ದೊಡ್ಡದಲ್ಲ. ಮೀನುಗಾರಿಕೆ ಇಲಾಖೆ ಮತ್ತು ಸಾರಿಗೆ ಇಲಾಖೆ ಕೂತು ದೋಣಿ ಟ್ರಾಲಿಯ ಒಂದೆರಡು ಮಾದರಿಗಳಿಗೆ ಒಮ್ಮೆ ಒಪ್ಪಿಗೆ ಕೊಡಲಿ. ಆ ಮಾದರಿಯ ಟ್ರಾಲಿಯನ್ನು ಮೀನುಗಾರರ ಸಹಕಾರ ಸಂಘದ ಹೆಸರಲ್ಲಿ ಸಹಾಯಧನಕ್ಕೆ ಸೇರಿಸಲಿ. ನೋಂದಣಿಗೆ ಆರ್‌ಟಿಒ ಅಧಿಕಾರಿಗಳು ವರ್ಷಕ್ಕೆ ಒಮ್ಮೆಯಾದರೂ ಹಿನ್ನೀರಿನ ಹೋಬಳಿಗೆ ಬರಲಿ.

ವರ್ಷಕ್ಕೆ ನಾಲ್ಕು ಸಲ ಬೇಕಾಗುವ ವಸ್ತುವಿಗೆ ಇಷ್ಟು ಖರ್ಚೇಕೆ ಎಂದು ಕೇಳುವವರಿದ್ದಾರೆ. ಒಬ್ಬನಿಗೆ ನಾಲ್ಕು ಸಲ ನಿಜ. ಇಪ್ಪತ್ತು ದೋಣಿಯ ಸಂಘಕ್ಕೆ ಎಂಬತ್ತು ಸಲ. ನಡುವೆ ಬಲೆ, ಐಸ್ ಪೆಟ್ಟಿಗೆ ಹೊರಲೂ ಆಗುತ್ತದೆ. ಕೆರೆ ಗುತ್ತಿಗೆ ಹಿಡಿದ ಸಂಘಗಳು ಒಂದೇ ದೋಣಿಯನ್ನು ಕೆರೆಯಿಂದ ಕೆರೆಗೆ ಒಯ್ಯಬಹುದು, ಕೆರೆಗೊಂದು ದೋಣಿ ಕೊಳ್ಳುವುದು ತಪ್ಪುತ್ತದೆ.

ಇನ್ನೊಂದು ಕಾರಣವನ್ನು ಇಡೀ ಊರು ಯೋಚಿಸಬೇಕು. 2018ರ ಪ್ರವಾಹದಲ್ಲಿ ಕೇರಳದ ಕಡಲ ಮೀನುಗಾರರು ದೋಣಿಗಳನ್ನು ಲಾರಿಗಳಿಗೆ ಏರಿಸಿ ಒಳನಾಡಿನ ಚೆಂಗನ್ನೂರಿನಂಥ ಊರುಗಳಿಗೆ ಒಯ್ದು ಜನರನ್ನು ಕಾಪಾಡಿದರು. ಅಲ್ಲಿನ ಸರ್ಕಾರ ಆಮೇಲೆ ದೋಣಿಗೆ ದಿನಕ್ಕೆ 3,000 ರೂಪಾಯಿ ಘೋಷಿಸಿತು. ಮರುವರ್ಷ ಆಗಸ್ಟ್‌ನಲ್ಲಿ ನಮ್ಮದೇ ತುಂಗಭದ್ರೆ ಉಕ್ಕಿ ಹಂಪಿಯ ಸ್ಮಾರಕಗಳಿಗೆ ನೀರು ನುಗ್ಗಿತು, ವಿರೂಪಾಪುರ ಗಡ್ಡೆಯಲ್ಲಿ ಪ್ರವಾಸಿಗರು ಸಿಲುಕಿದರು. ಅಂಥ ಹೊತ್ತಿನಲ್ಲಿ ಹತ್ತಿರದ ದೋಣಿ, ನೀರನ್ನು ಬಲ್ಲ ಹತ್ತಿರದ ಕೈ ಮೊದಲು ಮುಟ್ಟಬೇಕು. ಗಾಲಿಯ ಮೇಲೆ ಸಿದ್ಧವಾಗಿ ನಿಂತ ದೋಣಿ ಅರ್ಧ ಗಂಟೆಯಲ್ಲಿ ಪಕ್ಕದ ಊರಿಗೆ ಹೋಗುತ್ತದೆ. ಬೋರಲು ಬಿದ್ದ ದೋಣಿಗೆ ಮೊದಲು ಟ್ರೇಲರ್ ಹುಡುಕಬೇಕು, ಆಮೇಲೆ ಎತ್ತುವವರನ್ನು ಕರೆಯಬೇಕು.

ಮುಂದಿನ ಗ್ರಾಮಸಭೆಯಲ್ಲಿ ಈ ಮಾತು ಎತ್ತಿ. ಸಂಘದ ಸಭೆಯಲ್ಲಿ ಠರಾವು ಬರೆಸಿ, ತಾಲ್ಲೂಕಿನ ಮೀನುಗಾರಿಕೆ ಸಹಾಯಕ ನಿರ್ದೇಶಕರಿಗೆ ಕೊಟ್ಟು ಸ್ವೀಕೃತಿ ತೆಗೆದುಕೊಳ್ಳಿ. ಅದು ಆಗುವವರೆಗೆ ತೊಟ್ಟಿಲು ಮಾಡಿಸಿ. ಅಷ್ಟೂ ಆಗದಿದ್ದರೆ ಇವತ್ತು ರಾತ್ರಿ ಒಂದು ಕೆಲಸವನ್ನಾದರೂ ಮಾಡಿ: ದೋಣಿಯ ಹಿಂದಿನ ತುದಿಗೆ ಎರಡು ಕೆಂಪು ರಿಫ್ಲೆಕ್ಟರ್ ಅಂಟಿಸಿ.