ಗಣೆಯೂ ಕೊರಳೂ

ಸಂಗೀತವೆಂದೊಡನೆ ನಮ್ಮ ಮನಸ್ಸಿಗೆ ಮೊದಲು ಹೊಳೆಯುವುದು ಹಾಡು. ವಾದ್ಯವು ಹಾಡಿನ ಹಿಂದೆ ನಡೆಯತಕ್ಕದ್ದೆಂಬ ಭಾವನೆ ಬಹಳ ಹಳೆಯದು. 13ನೆಯ ಶತಮಾನದ ಶಾರ್ಙ್ಗದೇವನೂ ‘ಸಂಗೀತರತ್ನಾಕರ’ದಲ್ಲಿ ವಾದ್ಯವು ಗೀತವನ್ನು ಅನುಸರಿಸುತ್ತದೆಂದೇ ಹೇಳಿದ್ದಾನೆ. ಮಾತಿಲ್ಲದ ನಾದಕ್ಕೆ ಅರ್ಥವೆಲ್ಲಿಯದು ಎಂದು ಕೇಳುವವರೂ ಉಂಟು. ಇದಕ್ಕೆ ಉತ್ತರವನ್ನು ನಾನು ಸಂಗೀತ ಸಭೆಗಳಿಗಿಂತ ಮೊದಲು ಶಿರಾ ಸೀಮೆಯ ಗೊಲ್ಲರಹಟ್ಟಿಗಳಲ್ಲಿ ಹುಡುಕುತ್ತೇನೆ.

ಕಾಡುಗೊಲ್ಲರು ತಮ್ಮ ಆರಾಧ್ಯವೀರನಾದ ಜುಂಜಪ್ಪನ ಕಥೆಯನ್ನು ಗಣೆಯೊಡನೆ ಹಾಡುತ್ತಾರೆ. ಶಿರಾ ತಾಲ್ಲೂಕಿನ ಕಳುವರಹಳ್ಳಿಯ ಬಳಿಯಿರುವ ಜುಂಜಪ್ಪನ ಗುಡ್ಡೆ ಅವರಿಗೆ ಪುಣ್ಯಸ್ಥಳ. ಗಣೆಯೆಂದರೆ ಉದ್ದನೆಯ ಬಿದಿರಿನ ಕೊಳಲು. ವೀಣೆಯನ್ನು ನುಡಿಸುವವನು ಬಯಸಿದರೆ ಜೊತೆಗೆ ಹಾಡಲೂ ಬಲ್ಲನು. ಗಣೆಯನ್ನು ಊದುವವನಿಗೆ ಅದು ಸಾಧ್ಯವಿಲ್ಲ. ಇರುವುದು ಒಂದೇ ಬಾಯಿ, ಒಂದೇ ಉಸಿರು. ಆದುದರಿಂದ ಅವನು ಕೆಲವು ಸಾಲುಗಳನ್ನು ಹಾಡಿ ನಿಲ್ಲಿಸಿ ಗಣೆಯನ್ನು ತುಟಿಗೆ ಹಿಡಿಯುತ್ತಾನೆ; ಊದಿ ಮತ್ತೆ ಕಥೆಗೆ ಮರಳುತ್ತಾನೆ. ಗಣೆ ನುಡಿಯುವಾಗ ಕಥೆ ಮುಂದೆ ಸಾಗುವುದಿಲ್ಲ, ನಿಜ. ಆದರೆ ಆಗತಾನೆ ಕೇಳಿದ ಮಾತು ಕೇಳುಗನ ಎದೆಗೆ ಇಳಿಯುವುದು ಆ ಹೊತ್ತಿನಲ್ಲಿಯೇ. ಯಾರಿಗೆ ಏನಾಯಿತೆಂಬುದನ್ನು ಕೊರಳು ತಿಳಿಸುತ್ತದೆ. ಅದರ ನೋವನ್ನು ಅನುಭವಿಸಲು ಗಣೆ ಬಿಡುವು ಮಾಡಿಕೊಡುತ್ತದೆ.

ಕೊರಳಿಗೆ ವಾದ್ಯದ ಆಸರೆ ಬೇಕೇಬೇಕೆಂದು ಇದರ ಅರ್ಥವಲ್ಲ. ರಾಗಿ ಬೀಸುತ್ತ ಹಾಡುತ್ತಿದ್ದ ಹೆಂಗಸರಿಗೆ ಬೀಸುವ ಕಲ್ಲಿನ ಸದ್ದೇ ಸಾಕಾಗಿತ್ತು.

ಇನ್ನು ಅರ್ಥದ ಮಾತು. ಮಧುಗಿರಿ, ಕೊರಟಗೆರೆ, ಪಾವಗಡಗಳ ಯಾವ ಹಳ್ಳಿಯಲ್ಲಾದರೂ ತಮಟೆಯ ಸದ್ದಿಗೆ ಕಿವಿಗೊಟ್ಟು ನೋಡಿ. ದೂರದ ಹೊಲದಲ್ಲಿದ್ದವರು ಸಹ ಪೆಟ್ಟಿನ ಗತಿಯಿಂದಲೇ ಅದು ದೇವರ ಮೆರವಣಿಗೆಯೋ ಶವಯಾತ್ರೆಯೋ ಎಂದು ಗುರುತಿಸುತ್ತಾರೆ. ಅಷ್ಟು ದೂರಕ್ಕೆ ಯಾವ ಹಾಡೂ ಮುಟ್ಟಲಾರದು. ಶಾಸ್ತ್ರೀಯ ಸಂಗೀತದಲ್ಲಿಯೂ ಗಾಯಕನು ರಾಗಾಲಾಪನೆಯಲ್ಲಿ ಮಾತನ್ನು ತೊರೆಯುತ್ತಾನೆ. ವೈಣಿಕನಾದರೋ ಕೃತಿಯ ಸಾಹಿತ್ಯವನ್ನು ಮನಸ್ಸಿನಲ್ಲಿರಿಸಿಕೊಂಡು ಅದರ ಅಕ್ಷರಗಳಿಗೆ ತಕ್ಕಂತೆ ತಂತಿ ಮೀಟುತ್ತಾನೆ. ಅರ್ಥವೆಲ್ಲ ಕೊರಳಿನ ಸೊತ್ತೆಂದು ಹೇಳುವುದು ಹೇಗೆ?

ಆದರೂ ಎರಡಕ್ಕೂ ನಾವು ಸಮನಾದ ಮರ್ಯಾದೆಯನ್ನು ಕೊಡಲಿಲ್ಲ. ತಮಟೆ ಬಾರಿಸುವವರನ್ನು ಗುಡಿಯ ಹೊರಗೆ ನಿಲ್ಲಿಸಿ ಅವರ ನಾದವನ್ನು ಮಾತ್ರ ದೇವರಿಗೆ ಅರ್ಪಿಸಿದ ಸಮಾಜ ನಮ್ಮದು. ಮದುವೆಯಲ್ಲಿ ಓಲಗದವರ ಕಡೆಗೆ ನಾವು ತಿರುಗುವುದು ಗಟ್ಟಿಮೇಳದ ಗಳಿಗೆಯಲ್ಲಿ ಮಾತ್ರ. ಉಳಿದ ಹೊತ್ತು ಅವರು ನುಡಿಸುತ್ತಿರುತ್ತಾರೆ, ನಾವು ಮಾತನಾಡುತ್ತಿರುತ್ತೇವೆ. ಈಗ ಹಲವೆಡೆ ಧ್ವನಿವರ್ಧಕಗಳು ಬಂದು ಅವರ ಜಾಗವನ್ನೂ ಆಕ್ರಮಿಸಿವೆ.

ಜುಂಜಪ್ಪನ ಕಾವ್ಯವನ್ನು ಜಾನಪದ ವಿದ್ವಾಂಸರು ಹಾಡುವವರ ಬಾಯಿಂದ ಬರೆದುಕೊಂಡು ಅಚ್ಚು ಹಾಕಿಸಿದ್ದಾರೆ. ಅದು ದೊಡ್ಡ ಉಪಕಾರ. ಆದರೆ ಗಣೆ ನುಡಿದ ಭಾಗ ಆ ಪುಟಗಳಲ್ಲಿ ಇಲ್ಲ. ಅದನ್ನು ಊದುವವರ ಎದುರು ಕುಳಿತೇ ಕಲಿಯಬೇಕು. ಅಂಥವರು ಹಟ್ಟಿಗಳಲ್ಲಿ ಕಡಿಮೆಯಾಗುತ್ತಿದ್ದಾರೆ.